ಎತ್ತನೇರಿ ಬರುವ ವಂಶಾವಳಿ

ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಮುತ್ತಜ್ಜನ ಹೆಸರನ್ನೂ ತುಸು ಯೋಚಿಸಿ ಹೇಳಬಲ್ಲಿರಿ. ಆದರೆ ಆ ಮುತ್ತಜ್ಜನ ತಂದೆಯ ಹೆಸರೇನು? ಆತ ಯಾವ ಊರಿನಿಂದ ಬಂದು ಈಗಿನ ನಿಮ್ಮ ಊರಿನಲ್ಲಿ ನೆಲೆಸಿದ? ಆತನಿಗೆ ಅಣ್ಣತಮ್ಮಂದಿರೆಷ್ಟು ಮಂದಿ? ಈ ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಕೊಡಬಲ್ಲವರು ನೂರಕ್ಕೆ ಒಬ್ಬರು ಸಿಕ್ಕಿದರೆ ಅದೇ ಹೆಚ್ಚು. ಶ್ರಾದ್ಧದ ದಿನ ಮೂರು ತಲೆಗಳ ಹೆಸರನ್ನು ತಪ್ಪದೆ ಉಚ್ಚರಿಸುವ ಮನೆಗಳಲ್ಲಿಯೂ ನಾಲ್ಕನೆಯ ತಲೆ ಬಂದೊಡನೆ ನಾಲಿಗೆ ತಡವರಿಸುತ್ತದೆ.

ಹೀಗಿರುವಾಗ, ಅಕ್ಷರ ಕಲಿಯದ ಒಬ್ಬ ಒಕ್ಕಲಿಗನ ಮನೆಯ ಹತ್ತು ಹನ್ನೆರಡು ತಲೆಮಾರುಗಳ ಹೆಸರನ್ನು ಹೊತ್ತಗೆಯಲ್ಲಿ ಬರೆದಿಟ್ಟುಕೊಂಡು, ಅದನ್ನು ಊರೂರಿಗೆ ಹೊತ್ತು ತಿರುಗುವ ಜನರೊಬ್ಬರು ನಮ್ಮ ನಾಡಿನಲ್ಲಿಯೇ ಇದ್ದಾರೆಂದರೆ ನಗರವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವೆನಿಸಬಹುದು. ಇಂಗ್ಲೆಂಡಿನ ಪ್ರಭುಗಳಿಗೆ ಒಂದು ದೊಡ್ಡ ವಂಶಗ್ರಂಥ ಉಂಟೆಂಬುದನ್ನು ನಾವು ಕೇಳಿಬಲ್ಲೆವು. ಆದರೆ ನಮ್ಮ ಜೋಳದ ಹೊಲದ ರೈತನಿಗೂ ಅಂಥದೊಂದು ಗ್ರಂಥ ಉಂಟೆಂಬುದನ್ನು ಅರಿಯೆವು.

ಸುಲ್ತಾನರ ವಂಶ, ಚಕ್ರವರ್ತಿಗಳ ವಂಶ

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿ ಕಿಣ್ಣಿಸುಲ್ತಾನ ಎಂಬ ಹಳ್ಳಿಯಿದೆ. ಕರಿಮಣ್ಣಿನ ಹೊಲಗಳ ನಡುವಣ ಊರಿನ ಹೆಸರಿನ ಬಾಲದಲ್ಲಿ ಒಂದು ರಾಜಪದವಿ! ಆ ಹೆಸರನ್ನು ಕೇಳಿದವರ ಮನಸ್ಸು ಸಹಜವಾಗಿಯೇ ಕಲಬುರಗಿಯ ಸುಲ್ತಾನರ ಕಡೆಗೆ ಹರಿಯುತ್ತದೆ. 1347ರಲ್ಲಿ ಸಿಂಹಾಸನವನ್ನೇರಿದ ಹಸನನು ಅಲಾವುದ್ದೀನ್ ಬಹಮನ್ ಷಾ ಎಂಬ ಬಿರುದನ್ನು ಧರಿಸಿದನು. ಬಹಮನನೆಂದರೆ ಇರಾನ ದೇಶದ ಪುರಾಣಪ್ರಸಿದ್ಧ ರಾಜ, ವೀರ ಇಸ್ಫಂದಿಯಾರನ ಮಗ. ಹೊಸ ಸುಲ್ತಾನನು ತನ್ನನ್ನು ಆ ವಂಶದವನೆಂದು ಕರೆದುಕೊಂಡನು. ಆದರೆ ಎರಡೂವರೆ ಶತಮಾನಗಳ ತರುವಾಯ ಗ್ರಂಥ ಬರೆದ ಫಿರಿಸ್ತನು ಬೇರೆಯದೇ ಕಥೆಯನ್ನು ಹೇಳುತ್ತಾನೆ: ಹಸನನು ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿಯ ಸೇವಕನಾಗಿದ್ದನಂತೆ, ಒಡೆಯನ ಮೇಲಣ ಕೃತಜ್ಞತೆಯಿಂದ ‘ಬಹಮನಿ’ ಎಂಬ ಹೆಸರು ಬಂದಿತಂತೆ! ಇತಿಹಾಸಕಾರರು ಈ ಎರಡನೆಯ ಕಥೆಯನ್ನು ನಂಬುವುದಿಲ್ಲ. ಮೊದಲನೆಯದನ್ನೂ ಪೂರ್ತಿ ನಂಬುವುದಿಲ್ಲ. ಕತ್ತಿಯಿಂದ ರಾಜ್ಯವನ್ನು ಗಳಿಸಿದವನಿಗೆ ಅದನ್ನು ಉಳಿಸಿಕೊಳ್ಳಲು ಅಜ್ಜಮುತ್ತಜ್ಜಂದಿರ ಬಲವೂ ಬೇಕಾಯಿತೆಂಬುದಷ್ಟೇ ಇಲ್ಲಿ ನಿಶ್ಚಯವಾಗಿ ಕಾಣುವ ಸಂಗತಿ.

ಇದು ಸುಲ್ತಾನರೊಬ್ಬರ ರೂಢಿಯಲ್ಲ. ಆಳಂದಕ್ಕೆ ಈಶಾನ್ಯದಲ್ಲಿರುವ ಕಲ್ಯಾಣದಲ್ಲಿ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಿಲ್ಹಣ ಕವಿ ಬಂದನು. ಆತನ ಕಾವ್ಯದಲ್ಲಿ ಚಾಲುಕ್ಯರ ಮೂಲಪುರುಷನು ಬ್ರಹ್ಮನ ಬೊಗಸೆಯ ನೀರಿನಿಂದ ಹುಟ್ಟುತ್ತಾನೆ. ಮಳಖೇಡದ ರಾಷ್ಟ್ರಕೂಟರ ತಾಮ್ರಶಾಸನಗಳನ್ನು ತೆರೆದರೆ ದಾನದ ವಿಷಯಕ್ಕೆ ಬರುವ ಮೊದಲು ರಾಜನ ಪೂರ್ವಿಕರ ಮೆರವಣಿಗೆಯೇ ಸಾಗುತ್ತದೆ. ಈಗ ದೂರದ ಇಂಗ್ಲೆಂಡಿಗೆ ಹೋಗೋಣ. ಅಲ್ಲಿಯ ಹಳೆಯ ಸ್ಯಾಕ್ಸನ್ ರಾಜರ ವಂಶಾವಳಿಯು ವೋಡೆನ್ ದೇವತೆಯನ್ನು ಮುಟ್ಟಿ, ಅಲ್ಲಿಯೂ ನಿಲ್ಲದೆ ನೋಹನ ನಾವೆಯನ್ನೇರಿ, ಆದಿಪುರುಷ ಆದಮನವರೆಗೂ ನಡೆಯುತ್ತದೆ! ಬ್ರಹ್ಮನ ಬೊಗಸೆಗೂ ನೋಹನ ನಾವೆಗೂ ದೂರವೇನೂ ಇಲ್ಲ.

ಪ್ರಭುಗಳ ದೊಡ್ಡ ಹೊತ್ತಗೆ

ರಾಜರು ಮಾಡಿದುದನ್ನು ಪ್ರಭುಗಳು ಮಾಡದಿರುವರೆ? ಇಂಗ್ಲೆಂಡಿನಲ್ಲಿ ವಂಶಗಳನ್ನೂ ವಂಶಲಾಂಛನಗಳನ್ನೂ ನೋಡಿಕೊಳ್ಳುವ ರಾಜಸೇವಕರಿಗೆ ಮೂರನೆಯ ರಿಚರ್ಡ್ ದೊರೆಯು 1484ರಲ್ಲಿ ಸನ್ನದು ಕೊಟ್ಟನು. 1530ರಿಂದ 1688ರವರೆಗೆ ಈ ಅಧಿಕಾರಿಗಳು ಜಿಲ್ಲೆ ಜಿಲ್ಲೆಗೂ ಸವಾರಿ ಹೊರಟು, ದೊಡ್ಡ ಮನೆತನದವರೆನಿಸಿಕೊಂಡವರನ್ನು ಕರೆಸಿ, ‘ನಿಮ್ಮ ತಂದೆ ಯಾರು, ಅವರ ತಂದೆ ಯಾರು, ಈ ಲಾಂಛನವನ್ನು ಧರಿಸಲು ನಿಮಗೇನು ಅಧಿಕಾರ’ ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಸುಳ್ಳು ಹೇಳಿದವರ ಲಾಂಛನವನ್ನು ಅಳಿಸಿಹಾಕುವ ಅಧಿಕಾರವೂ ಅವರಿಗಿದ್ದಿತು.

ಮುಂದೆ 1826ರಲ್ಲಿ ಜಾನ್ ಬರ್ಕ್ ಎಂಬಾತನು ಬ್ರಿಟಿಷ್ ಪ್ರಭುಗಳ ವಂಶಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಒಂದು ಗ್ರಂಥವನ್ನು ಪ್ರಕಟಿಸಿದನು. ಸ್ವಾರಸ್ಯವೇನೆಂದರೆ, ಇಂಗ್ಲೆಂಡಿನ ಹಿರಿಯರಿಗೆ ವಂಶಗ್ರಂಥವನ್ನು ಕಟ್ಟಿಕೊಟ್ಟ ಈತನು ಐರ್ಲೆಂಡಿನವನು, ಟಿಪ್ಪರರಿ ಪ್ರಾಂತದವನು. ಆತನ ಮಗ ಬರ್ನಾರ್ಡ್ ಬರ್ಕನು 1853ರಲ್ಲಿ ಐರ್ಲೆಂಡಿನ ವಂಶಲಾಂಛನಗಳ ಮುಖ್ಯಾಧಿಕಾರಿಯೇ ಆದನು. ‘ಬರ್ಕ್ಸ್ ಪೀರೇಜ್’ ಎಂಬ ಆ ಹೊತ್ತಗೆ ಆವೃತ್ತಿಯ ಮೇಲೆ ಆವೃತ್ತಿ ಕಂಡು ವರ್ಷವರ್ಷಕ್ಕೂ ದಪ್ಪವಾಯಿತು. ದಪ್ಪವಾದಂತೆಲ್ಲ ಅದರಲ್ಲಿ ಹೊಟ್ಟೂ ಸೇರಿತು. ಮನೆಮನೆಗಳು ಒದಗಿಸಿದ ಕಟ್ಟುಕಥೆಗಳನ್ನು ಪರೀಕ್ಷಿಸದೆ ಅಚ್ಚುಹಾಕಿದ್ದಾರೆಂದು ಇತಿಹಾಸಕಾರ ಎಡ್ವರ್ಡ್ ಫ್ರೀಮನ್ 1877ರಲ್ಲಿ ಕಟುವಾಗಿ ಟೀಕಿಸಿದನು. ಆ ಮೇಲೆ ಕೊಕೇನ್ ಎಂಬ ವಂಶಲಾಂಛನಾಧಿಕಾರಿಯು 1887ರಿಂದ 1898ರವರೆಗೆ ಎಂಟು ಸಂಪುಟಗಳಲ್ಲಿ ಹೆಚ್ಚು ವಿಶ್ವಾಸಾರ್ಹವಾದ ಮತ್ತೊಂದು ಗ್ರಂಥವನ್ನು ಹೊರತಂದನು.

ನಮ್ಮ ನಾಡಿಗೆ ಸಂಬಂಧಿಸಿದ ಒಂದು ಪ್ರಭುವಂಶವನ್ನೇ ನೋಡಿರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದರ ಅಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ವಾಟರ್ಲೂ ಕದನದಲ್ಲಿ ಸೋಲಿಸಿದ ವೆಲಿಂಗ್ಟನ್ ಡ್ಯೂಕ್, ಐರ್ಲೆಂಡಿನ ಪ್ರಭುಮನೆತನದವನು. ಆದರೆ ‘ವೆಲ್ಲೆಸ್ಲಿ’ ಎಂಬುದು ಆತನ ಹುಟ್ಟಿದ ಹೆಸರಲ್ಲ, ಆತನ ತಂದೆಯ ತಂದೆ ಹುಟ್ಟಿದ ಮನೆತನದ ಹೆಸರೂ ಅಲ್ಲ! ಆತನ ಅಜ್ಜ ರಿಚರ್ಡ್ ಕಾಲಿ. ಗ್ಯಾರೆಟ್ ವೆಸ್ಲಿ ಎಂಬ ಸಂತಾನವಿಲ್ಲದ ಬಂಧುವಿನ ಆಸ್ತಿ 1728ರಲ್ಲಿ ಈತನಿಗೆ ಬಂದಿತು. ಆಸ್ತಿಯೊಡನೆ ಹೆಸರೂ ಬಂದಿತು. ಕಾಲಿ ಹೋಗಿ ವೆಸ್ಲಿಯಾಯಿತು. ಮೊಮ್ಮಕ್ಕಳ ಕಾಲದಲ್ಲಿ, 1798ರ ಸುಮಾರಿಗೆ, ವೆಸ್ಲಿಯು ವೆಲ್ಲೆಸ್ಲಿಯೆಂದು ಇನ್ನಷ್ಟು ಉದ್ದವಾಯಿತು. ನಮ್ಮಲ್ಲಿ ಇದನ್ನು ದತ್ತಕವೆನ್ನುತ್ತೇವೆ. ದತ್ತುಹೋದವನು ಮನೆಯ ಹೆಸರನ್ನು ಬದಲಿಸಿಕೊಳ್ಳುವುದು ನಮಗೆ ಹೊಸದಲ್ಲ. ಎಷ್ಟೋ ಘನವಂಶಗಳ ಬೇರನ್ನು ಅಗೆಯುತ್ತ ಹೋದರೆ ಇಂಥ ಕಸಿಗಳು ಕಾಣಸಿಗುತ್ತವೆ. ಅದರಿಂದ ಮರಕ್ಕೆ ಅವಮಾನವಿಲ್ಲ; ಕಸಿಯನ್ನು ಮುಚ್ಚಿಟ್ಟಾಗ ಮಾತ್ರ ಇತಿಹಾಸಕ್ಕೆ ಅವಮಾನ.

“ಅವ್ವಾ, ಹೆಳವ ಬಂದೀನ್ರಿ”

ಇನ್ನು ನಮ್ಮ ರೈತನ ಹೊತ್ತಗೆಗೆ ಬರೋಣ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ, ಕಲಬುರಗಿಯ ಸೀಮೆಗಳಲ್ಲಿ ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ, ಎತ್ತಿನ ಕೊರಳ ಗಂಟೆಯ ನಾದದೊಡನೆ ಊರೊಳಗೆ ಬರುವಾತನೇ ಹೆಳವ. ಹೆಳವನೆಂದರೆ ಕಾಲಿಲ್ಲದವನು, ಕುಂಟ ಎಂದು ಅರ್ಥ. ಆದರೆ ಈತ ಕುಂಟನಲ್ಲ. ಮದರಾಸು ಸರಕಾರದ ಪರವಾಗಿ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಏಳು ಸಂಪುಟಗಳ ಗ್ರಂಥದಲ್ಲಿ ಹೆಳವರ ಪ್ರಸ್ತಾಪವಿದೆ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಬರುತ್ತಾರೆ; ಮನೆಯಿಂದ ಮನೆಗೆ ಹೋಗಿ ಆಯಾ ಕುಟುಂಬದ ಚರಿತ್ರೆಯನ್ನೂ, ಯುದ್ಧದಲ್ಲಿ ಮಡಿದ ವೀರರ ಹೆಸರನ್ನೂ ಹೇಳುತ್ತಾರೆ; ಊರುಗಳ ಇತಿಹಾಸವನ್ನು ಕಾಪಾಡುವವರು ಇವರೇ ಎಂದು ಆತ ಬರೆದಿದ್ದಾನೆ. ಈಗ ಎತ್ತಿನ ಬದಲು ಬಸ್ಸು, ಮೋಟಾರು ಸೈಕಲ್ಲುಗಳು ಬಂದಿವೆ. ಹೊತ್ತಗೆ ಮಾತ್ರ ಅದೇ.

“ಅವ್ವಾ, ನಿಮ್ಮ ಮನಿ ಹೆಳವ ಬಂದೀನ್ರಿ” ಎಂದು ಅಂಗಳದಲ್ಲಿ ನಿಂತು ಕೂಗಿದರೆ, ಒಳಗಿನಿಂದ ಹಿರಿಯಳು “ಬಾರಪ್ಪಾ, ಎಷ್ಟ್ ವರ್ಸಕ್ಕ ಬಂದಿ!” ಎನ್ನುತ್ತ ಬರುತ್ತಾಳೆ. ‘ನಿಮ್ಮ ಮನಿ ಹೆಳವ’ ಎಂಬ ಮಾತನ್ನು ಗಮನಿಸಬೇಕು. ಯಾವ ಯಾವ ಮನೆತನಗಳು ಯಾವ ಹೆಳವನ ಪಾಲಿಗೆ ಸೇರಿದುವೆಂಬುದು ತಲೆತಲಾಂತರದಿಂದ ಗೊತ್ತಾಗಿರುತ್ತದೆ. ತಂದೆಯ ಒಕ್ಕಲುಗಳು ಮಕ್ಕಳಿಗೆ ಬರುತ್ತವೆ. ಒಬ್ಬನ ಒಕ್ಕಲಿನ ಮನೆಗೆ ಮತ್ತೊಬ್ಬನು ಹೋಗುವಂತಿಲ್ಲ. ಹೊಲ ಹಂಚಿಕೊಳ್ಳುವಂತೆ ಇವರು ನೆನಪುಗಳನ್ನು ಹಂಚಿಕೊಂಡಿದ್ದಾರೆ!

ಹಾಸಿದ ಕಂಬಳಿಯ ಮೇಲೆ ಕುಳಿತು ಆತ ಗಂಟನ್ನು ಬಿಚ್ಚುತ್ತಾನೆ. ಹಿಂದೆ ತಾಳೆಗರಿ, ತಾಮ್ರದ ತಗಡುಗಳಿದ್ದುವು. ಅನಂತರ ಕೈಬರಹದ ಹೊತ್ತಗೆಗಳು ಬಂದುವು. ಮೂಲಪುರುಷ ಯಾರು, ಆತ ಯಾವ ಊರನ್ನು ಬಿಟ್ಟು ಬಂದ, ಬರಗಾಲಕ್ಕೋ ಜಗಳಕ್ಕೋ ಮನೆ ಹೇಗೆ ಒಡೆಯಿತು, ಯಾವ ಕವಲು ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ ರಾಗವಾಗಿ ಓದುತ್ತ ಕಡೆಗೆ ಮುಂದೆ ಕುಳಿತ ಯಜಮಾನನ ಹೆಸರಿಗೆ ಬಂದು ನಿಲ್ಲಿಸುತ್ತಾನೆ. ಆ ಮೇಲೆ ಕೇಳುತ್ತಾನೆ: ಹಿಂದಿನ ಸಲ ನಾನು ಬಂದುಹೋದ ಮೇಲೆ ಯಾರು ಹುಟ್ಟಿದರು, ಯಾರು ತೀರಿದರು? ಹೇಳಿದುದನ್ನು ಹೊತ್ತಗೆಗೆ ಸೇರಿಸುತ್ತಾನೆ. ಜೋಳ, ಬಟ್ಟೆ, ಹಣ, ಅನುಕೂಲವಿದ್ದ ಮನೆಯಾದರೆ ಒಂದು ಹೋರಿಕರು, ಇವು ಆತನಿಗೆ ಸಲ್ಲುವ ಕಾಣಿಕೆ.

ಇಂಗ್ಲೆಂಡಿನ ಗ್ರಂಥಕ್ಕೂ ಹೆಳವನ ಹೊತ್ತಗೆಗೂ ಇರುವ ಮುಖ್ಯ ಭೇದ ಇಲ್ಲಿದೆ. ಆ ಗ್ರಂಥ ಪ್ರಭುಗಳಿಗೆ ಮೀಸಲು. ಅವರ ಹೊಲವನ್ನು ಉತ್ತವನ ಹೆಸರು ಅದರಲ್ಲಿ ಹುಡುಕಿದರೂ ಸಿಕ್ಕದು. ಹೆಳವನ ಹೊತ್ತಗೆಯಲ್ಲಿಯಾದರೋ ಪದವಿಯಿಲ್ಲ, ಲಾಂಛನವಿಲ್ಲ. ನೇಗಿಲು ಹಿಡಿದವನೇ ಅದರ ನಾಯಕ. ಆಳಂದ, ಅಫಜಲಪುರ, ಜೇವರ್ಗಿಯ ಕಡೆಯಿಂದ ಕೂಲಿಗಾಗಿ ಪುಣೆ, ಮುಂಬಯಿಗಳಿಗೆ ಹೋದವನಿಗೂ ತನ್ನ ಊರಿನಲ್ಲಿ ಅಂಥದೊಂದು ಪುಟ ಇದ್ದೀತು.

ವಂಶಾವಳಿಯ ಕಲೆಯಲ್ಲಿ ಕನ್ನಡನಾಡಿನ ಹೆಸರು ದೂರದ ಮಿಥಿಲೆಯಲ್ಲಿಯೂ ಕೇಳಬರುತ್ತದೆಂಬುದನ್ನು ಇಲ್ಲಿಯೇ ಹೇಳಬಹುದು. 1097ರಲ್ಲಿ ಅಲ್ಲಿ ರಾಜ್ಯ ಕಟ್ಟಿದ ನಾನ್ಯದೇವನು ಕರ್ಣಾಟ ವಂಶದವನೆಂದು ಹೇಳಿಕೊಂಡವನು. ಆ ವಂಶದ ಹರಿಸಿಂಹದೇವನ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ, ಮೈಥಿಲರ ‘ಪಂಜಿ’ ಎಂಬ ವಂಶಲೇಖನದ ಕ್ರಮ ನೆಲೆಗೊಂಡಿತೆಂದು ಸಂಪ್ರದಾಯ. ಇಂದಿಗೂ ಅಲ್ಲಿ ಮದುವೆಗೆ ಮುನ್ನ ಪಂಜಿಕಾರರನ್ನು ಕೇಳುವ ಮನೆಗಳುಂಟು.

ಐರ್ಲೆಂಡಿನ ಹೆಳವರು

ಹೆಳವನ ನಿಜವಾದ ಸೋದರನನ್ನು ಹುಡುಕಬೇಕಾದರೆ ಬರ್ಕನ ಗ್ರಂಥವನ್ನು ಮುಚ್ಚಿಟ್ಟು ಅದಕ್ಕೂ ಹಿಂದಿನ ಐರ್ಲೆಂಡಿಗೆ ಹೋಗಬೇಕು. ಅಲ್ಲಿ ಪಾಳೆಯಗಾರರ ಮನೆತನಗಳಿಗೆಲ್ಲ ವಂಶಪಾರಂಪರ್ಯವಾಗಿ ಬಂದ ಚರಿತ್ರಕಾರರಿದ್ದರು. ತಂದೆಯಿಂದ ಮಗನಿಗೆ ವಿದ್ಯೆ. ಅದಕ್ಕೆ ಪ್ರತಿಯಾಗಿ ಉಂಬಳಿಯ ಭೂಮಿ. ಪಟ್ಟಾಭಿಷೇಕದಲ್ಲಿ ಇವರಿಗೆ ಹಿರಿಯ ಸ್ಥಾನ. ಇದೇ ಸಂಪ್ರದಾಯದ ಸ್ಕಾಟ್ಲೆಂಡಿನಲ್ಲಿ 1249ರಲ್ಲಿ ಮೂರನೆಯ ಅಲೆಕ್ಸಾಂಡರನಿಗೆ ಪಟ್ಟವಾದಾಗ, ಏಳು ವರ್ಷದ ಆ ಬಾಲಕನ ಮುಂದೆ ಮೊಣಕಾಲೂರಿ ಮಲೆನಾಡಿನ ಮುದುಕನೊಬ್ಬನು ಗೇಲಿಕ್ ಭಾಷೆಯಲ್ಲಿ ಆತನ ಪೂರ್ವಿಕರ ಹೆಸರುಗಳನ್ನು ಒಂದೊಂದಾಗಿ ಪಠಿಸಿದನಂತೆ. ಹೆಸರುಗಳನ್ನು ಹೇಳಿಯಾದ ಮೇಲೆಯೇ ಹುಡುಗ ರಾಜನಾದ!

ಆದರೆ ಆಶ್ರಯದಾತ ಬಿದ್ದರೆ ಆಶ್ರಿತನು ಉಳಿಯುವನೆ? ಇಂಗ್ಲಿಷರೊಡನೆ ಹೋರಾಡಿ ಸೋತ ಐರ್ಲೆಂಡಿನ ಉತ್ತರದ ಪ್ರಭುಗಳು 1607ರಲ್ಲಿ ಹಡಗು ಹತ್ತಿ ದೇಶ ಬಿಟ್ಟರು. ಅವರ ಭೂಮಿ ಪರರ ಪಾಲಾಯಿತು. ಉಂಬಳಿಗಳು ಹೋದುವು; ಚರಿತ್ರಕಾರರು ಅನಾಥರಾದರು. ಅವರಲ್ಲಿ ಕೊನೆಯ ಮಹನೀಯನೆಂದರೆ ಸ್ಲೈಗೊ ಪ್ರಾಂತದ ಡುವಾಲ್ಡ್ ಮೆಕ್‌ಫರ್ಬಿಸ್. 1649ರಲ್ಲಿ ಕ್ರಾಂವೆಲ್ಲನ ಸೈನ್ಯ ಐರ್ಲೆಂಡಿಗೆ ಇಳಿದಿತ್ತು. ಗಾಲ್ವೇ ನಗರಕ್ಕೆ ಪ್ಲೇಗು ತಗುಲಿತ್ತು. ಅಂಥ ಕಾಲದಲ್ಲಿ ಆ ನಗರದಲ್ಲಿಯೇ ಕುಳಿತು ಈತನು ಐರ್ಲೆಂಡಿನ ಮನೆತನಗಳ ವಂಶಾವಳಿಗಳನ್ನೆಲ್ಲ ಒಂದೆಡೆ ಬರೆದು 1650ರ ವೇಳೆಗೆ ಮಹಾಗ್ರಂಥದ ಮುಖ್ಯಭಾಗವನ್ನು ಮುಗಿಸಿದನು. ಕೆಲವು ಕಾಲ ಡಬ್ಲಿನ್ನಿನಲ್ಲಿ ಒಬ್ಬ ವಿದ್ವಾಂಸನಿಗಾಗಿ ಹಳೆಯ ಓಲೆಗಳನ್ನು ಭಾಷಾಂತರಿಸಿ ಜೀವಿಸಿದನು. ಆ ವಿದ್ವಾಂಸನು ತೀರಿದ ಮೇಲೆ ಬಡತನದಲ್ಲಿ ಊರಿಗೆ ಮರಳಿದ ವೃದ್ಧನು 1671ರಲ್ಲಿ ಕೊಲೆಗೆ ಈಡಾದನು. ಆತನ ಗ್ರಂಥ ಮಾತ್ರ ಉಳಿಯಿತು. ಮೂರೂವರೆ ಶತಮಾನಗಳ ಮೇಲೆ, 2003ರಲ್ಲಿ, ಅದು ಐದು ಸಂಪುಟಗಳಲ್ಲಿ ಅಚ್ಚಾಯಿತು.

ಬರೆದಿಟ್ಟುದೆಲ್ಲ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಐರ್ಲೆಂಡಿನ ಅಂತರ್ಯುದ್ಧದಲ್ಲಿ, 1922ರ ಜೂನ್ 30ರಂದು, ಡಬ್ಲಿನ್ನಿನ ನ್ಯಾಯಾಲಯದ ಆವರಣದಲ್ಲಿದ್ದ ದಾಖಲೆಗಳ ಭವನ ಸ್ಫೋಟಕ್ಕೆ ಸಿಕ್ಕಿ ಉರಿದುಹೋಯಿತು. ಶತಮಾನಗಳ ಮರಣಶಾಸನಗಳು, ಇಗರ್ಜಿಗಳ ಜನನಮರಣದ ಲೆಕ್ಕಗಳು, ಹಳೆಯ ಜನಗಣತಿಯ ಪುಸ್ತಕಗಳು ಬೂದಿಯಾದುವು. ಪ್ರಭುಗಳ ವಂಶ ಬರ್ಕನ ಗ್ರಂಥದಲ್ಲಿ ಭದ್ರವಾಗಿತ್ತು. ಕಳೆದುಹೋದುದು ಬಡವನ ಅಜ್ಜ! ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹೋದವರ ಮೊಮ್ಮಕ್ಕಳು ಇಂದಿಗೂ ಆ ಬೂದಿಯ ಮುಂದೆ ನಿಂತು ತಮ್ಮ ಹಿರಿಯರನ್ನು ಹುಡುಕುತ್ತಾರೆ. ಬೇರೆ ಬೇರೆ ಕಡೆ ಉಳಿದ ಪ್ರತಿಗಳನ್ನು ಜೋಡಿಸಿ ಆ ಭವನವನ್ನು ಕಂಪ್ಯೂಟರಿನಲ್ಲಿ ಪುನಃ ಕಟ್ಟುವ ಯತ್ನವೊಂದು 2022ರಲ್ಲಿ ಜನರ ಮುಂದೆ ಬಂದಿದೆ.

ಹೊತ್ತಗೆಯ ಬೆಲೆ ಏನು?

ಇಷ್ಟು ಶ್ರಮಪಟ್ಟು ಹಳೆಯ ಹೆಸರುಗಳನ್ನು ಕಾಪಾಡಿ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಹೊಲದ ಯಜಮಾನ ತೀರಿಕೊಂಡು ಪೌತಿ ಖಾತೆಯ ಬದಲಾವಣೆಗೆ ಅಲೆದವರಾರೂ ಈ ಪ್ರಶ್ನೆಯನ್ನು ಕೇಳುವುದಿಲ್ಲ! ‘ವಂಶಾವಳಿ ತನ್ನಿ’ ಎಂಬುದು ಅಲ್ಲಿಯ ಮೊದಲ ಮಾತು. ನ್ಯಾಯಾಲಯಗಳಲ್ಲಿಯೂ ಕುಟುಂಬದ ವಂಶವೃಕ್ಷಕ್ಕೆ ಸ್ಥಾನವಿದೆ. 1872ರ ಸಾಕ್ಷ್ಯ ಕಾನೂನು ಅದಕ್ಕೆ ಎಡೆ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಕೊಟ್ಟಿದೆ. ಆದರೆ ಎಚ್ಚರಿಕೆಯೊಡನೆ. ಬಿಹಾರದ ಬೇತಿಯಾ ಸಂಸ್ಥಾನದ ಮಹಾರಾಜನು 1893ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಅವನ ಅಪಾರ ಆಸ್ತಿಗೆ ತಾವೇ ವಾರಸುದಾರರೆಂದು ವಂಶಾವಳಿಗಳನ್ನು ಹಿಡಿದು ಬಂದವರ ದಾವೆಯನ್ನು ಸರ್ವೋಚ್ಚ ನ್ಯಾಯಾಲಯವು 1983ರಲ್ಲಿ ಒಪ್ಪಲಿಲ್ಲ. ವಂಶಾವಳಿಯನ್ನು ಸಾಕ್ಷ್ಯವಾಗಿ ಸ್ವೀಕರಿಸುವುದು ಬೇರೆ, ಅದನ್ನು ನಂಬುವುದು ಬೇರೆ. ಅದನ್ನು ಬರೆದವರಾರು, ಯಾವಾಗ, ಯಾವ ಆಧಾರದಿಂದ ಬರೆದರು ಎಂಬುದನ್ನೆಲ್ಲ ಶೋಧಿಸಬೇಕು ಎಂಬುದು ಆ ತೀರ್ಪಿನ ಸಾರ. ವ್ಯಾಜ್ಯ ಹುಟ್ಟುವುದಕ್ಕೆ ಬಹಳ ಹಿಂದೆಯೇ, ಯಾರ ಪಕ್ಷವನ್ನೂ ವಹಿಸದೆ ಬರೆದ ಪುಟಕ್ಕೆ ಬೆಲೆ ಹೆಚ್ಚು. ಹೆಳವನ ಹೊತ್ತಗೆಯ ಬೆಲೆಯೂ ಇದರಲ್ಲಿಯೇ ಇದೆ.

ಆ ಹೊತ್ತಗೆಯನ್ನು ಹೊಗಳುವಾಗ ಅದರ ಕೊರತೆಯನ್ನು ಮರೆಯಬಾರದು. ಕಾಣಿಕೆ ಕೊಡುವ ಶಕ್ತಿಯಿಲ್ಲದ ಮನೆಗಳ ಕಥೆಯನ್ನು ಬರೆದವರಾರು? ಇನ್ನೂ ಒಂದು ಮಾತು. ಪ್ರಭುಗಳದಾಗಲಿ ರೈತರದಾಗಲಿ, ವಂಶವೃಕ್ಷಗಳು ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಇಳಿಯುತ್ತವೆ. ಇಂಗ್ಲೆಂಡಿನ ಬಹುಪಾಲು ಪದವಿಗಳು ಮಗಳಿಗೆ ಸಲ್ಲುವುದಿಲ್ಲ. ಮಗನಿಲ್ಲದಿದ್ದರೆ ದೂರದ ದಾಯಾದಿಯನ್ನು ಹುಡುಕಿ ತರುತ್ತಾರೆ. ನಮ್ಮ ರಾಜ್ಯದಲ್ಲಿ 1994ರಲ್ಲಿಯೂ, ದೇಶಕ್ಕೆಲ್ಲ 2005ರಲ್ಲಿಯೂ, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಜನ್ಮಸಿದ್ಧವಾದ ಪಾಲು ಉಂಟೆಂದು ಕಾನೂನಾಯಿತು. ಆದರೂ ಕಚೇರಿಗೆ ಕೊಡುವ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಯುವ ಸೋದರರು ಇಲ್ಲದಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಹಳೆಯ ಮಾತಿನ ನೆಪದಲ್ಲಿ ಒಂದು ಗೆರೆಯನ್ನು ಎಳೆಯದೆ ಬಿಟ್ಟರೆ, ಒಬ್ಬಳ ಬಾಳಿನ ಆಧಾರವೇ ಹೋಗುತ್ತದೆ. ಹೆಸರನ್ನು ಬರೆಯುವುದು ಎಷ್ಟು ದೊಡ್ಡ ಕೆಲಸವೋ ಬಿಡುವುದೂ ಅಷ್ಟೇ ದೊಡ್ಡ ಕೆಲಸ.

ಯಾರು ಮುಂದೆ ಓದುವರು?

ಹೆಳವರ ಮಕ್ಕಳು ಈಗ ಶಾಲೆಗೆ ಹೋಗುತ್ತಾರೆ. ಹೋಗಲೇಬೇಕು, ಊರೂರು ಅಲೆಯುವ ಬಾಳಿನ ಕಷ್ಟವನ್ನು ಬಲ್ಲವರು ಅವರು. ತಂದೆ ತಿರುಗಿದ ದಾರಿಯಲ್ಲಿ ಮಗನೂ ತಿರುಗಬೇಕೆಂದು ಬಯಸಲು ನಮಗೇನು ಅಧಿಕಾರವಿದೆ? ಇತ್ತ ಒಕ್ಕಲುಗಳೂ ಹಳ್ಳಿ ಬಿಟ್ಟು ಪಟ್ಟಣ ಸೇರಿವೆ. ಅಂಗಳದಲ್ಲಿ ನಿಂತು ಕೂಗಿದರೆ ಬಾಗಿಲು ತೆರೆಯುವವರಿಲ್ಲ. ತೆರೆದರೂ, ಬಂದಾತನು ಯಾರೋ ಭಿಕ್ಷುಕನೆಂದು ಚಿಲ್ಲರೆ ಕೊಟ್ಟು ಕಳುಹುವ ಸೊಸೆಯಂದಿರಿದ್ದಾರೆ. ತನ್ನ ಗಂಡನ ಮನೆಯ ಚರಿತ್ರೆ ಮೆಟ್ಟಿಲಿಳಿದು ಹೋಯಿತೆಂದು ಆಕೆಗೆ ತಿಳಿಯದು. ಈಚಿನ ವರ್ಷಗಳಲ್ಲಿ ಹೆಳವರ ಕೆಲವು ಹೊತ್ತಗೆಗಳ ಛಾಯಾಪ್ರತಿಗಳನ್ನು ತೆಗೆದಿಡುವ ಕೆಲಸ ನಡೆದಿರುವುದು ಸಮಾಧಾನದ ವಿಷಯ. ಆದರೆ ಛಾಯಾಪ್ರತಿಯು ‘ನಾನು ಬಂದುಹೋದ ಮೇಲೆ ಯಾರು ಹುಟ್ಟಿದರು’ ಎಂದು ಕೇಳುವುದಿಲ್ಲ.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ಮನೆಯಲ್ಲಿ ಅಜ್ಜಿಯಿದ್ದರೆ ಈ ಭಾನುವಾರ ಒಂದು ನೋಟುಪುಸ್ತಕವನ್ನು ಹಿಡಿದು ಆಕೆಯ ಹತ್ತಿರ ಕುಳಿತುಕೊಳ್ಳಿರಿ. ಗಂಡುಮಕ್ಕಳ ಹೆಸರಿನೊಡನೆ ಹೆಣ್ಣುಮಕ್ಕಳ ಹೆಸರನ್ನೂ, ಅವರನ್ನು ಕೊಟ್ಟ ಊರನ್ನೂ ಕೇಳಿ ಬರೆದುಕೊಳ್ಳಿರಿ. ದತ್ತುಬಂದವರಿದ್ದರೆ ಹಾಗೆಂದೇ ಬರೆಯಿರಿ. ವೆಲಿಂಗ್ಟನ್ ಡ್ಯೂಕನ ಮನೆಯಲ್ಲಿಯೇ ನಡೆದ ಸಂಗತಿ ನಿಮ್ಮ ಮನೆಯಲ್ಲಿ ನಡೆದಿದ್ದರೆ ನಾಚಿಕೆಯೇಕೆ? ಮೂಲಪುರುಷನನ್ನು ಬ್ರಹ್ಮನ ಬೊಗಸೆಯಿಂದ ಹುಟ್ಟಿಸುವ ಅವಶ್ಯಕತೆಯಿಲ್ಲ. ಬರಗಾಲದಲ್ಲಿ ಎರಡು ಎತ್ತು ಹೊಡೆದುಕೊಂಡು ಊರು ಬಿಟ್ಟು ಬಂದವನೆಂದು ತಿಳಿದುಬಂದರೆ ಅಷ್ಟನ್ನೇ ಬರೆಯಿರಿ.

ಮತ್ತು ಊರಿಗೆ ಹೋದಾಗ, ಅಂಗಳದಲ್ಲಿ “ಅವ್ವಾ, ಹೆಳವ ಬಂದೀನ್ರಿ” ಎಂಬ ಕೂಗು ಕೇಳಿದರೆ, ಕಂಬಳಿ ಹಾಸಿ ಕೂರಿಸಿರಿ. ಆತನ ಗಂಟಿನಲ್ಲಿ ನಿಮ್ಮ ಮುತ್ತಜ್ಜನ ತಂದೆ ಕಾದು ಕುಳಿತಿರಬಹುದು.